ಒಂದೇ ಬಣ್ಣದ ಎರಡು ಬಾಗಿಲು

ತೊರಪಲ್ಲಿ ಅಗ್ರಹಾರ ರಾಜಾಜಿಯವರ ಹುಟ್ಟೂರು. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ತಮಿಳುನಾಡಿನ ಹೊಸೂರಿನಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮಾತು ಕಿವಿಗೆ ಬೀಳುತ್ತವೆ. ದುಡಿಮೆಯ ದಾರಿ ಮಾತ್ರ ಹಲವರಿಗೆ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆಗೇ. ಅಶೋಕ್ ಲೇಲ್ಯಾಂಡ್ ಲಾರಿ, ಟಿವಿಎಸ್ ಬೈಕು ತಯಾರಾಗುವುದು ಹೊಸೂರಿನಲ್ಲಿ. ವಾಹನಗಳ ಬಣ್ಣಕ್ಕೆ ಹೆಸರಾದ ಕನ್ಸಾಯ್ ನೆರೊಲ್ಯಾಕ್ ಕಂಪನಿಯ ಕಾರ್ಖಾನೆಯೂ ಅಲ್ಲೇ ಇದೆ.

ಇಂಥ ಊರಲ್ಲಿ ಯಾರಿಗೂ ಆಗಬಹುದಾದ ಒಂದು ಘಟನೆಯನ್ನು ಈ ಅಧ್ಯಾಯಕ್ಕೆ ಎತ್ತಿಕೊಳ್ಳೋಣ. ಬೆಳ್ಳಿ ಬಣ್ಣದ ಕಾರು, ಕೊಂಡು ನಾಲ್ಕು ವರ್ಷ ದಾಟಿದೆ. ತರಕಾರಿ ತುಂಬಿದ ಟೆಂಪೊ ಹಿಂದಕ್ಕೆ ಬರುವಾಗ ಅದರ ಎಡಗಡೆಯ ಮುಂದಿನ ಬಾಗಿಲನ್ನು ಉಜ್ಜಿಕೊಂಡು ಹೋಯಿತು. ಇನ್ಶೂರೆನ್ಸ್ ಇತ್ತು. ವರ್ಕ್‌ಶಾಪಿನವರು ಡೆಂಟ್ ತೆಗೆದು, ಕಂಪನಿಯ ಕೋಡ್ ಪ್ರಕಾರವೇ ಬಣ್ಣ ಕಲಸಿ ಹೊಡೆದುಕೊಟ್ಟರು. ಅಲ್ಲಿ ನೋಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಮರುದಿನ ಮನೆ ಮುಂದಿನ ಬಿಸಿಲಲ್ಲಿ ಮಾತ್ರ ವಿಚಿತ್ರ ಕಂಡಿತು. ಎದುರು ನಿಂತು ನೋಡಿದರೆ ಆ ಬಾಗಿಲು ಉಳಿದ ಕಾರಿಗಿಂತ ತುಸು ಮಬ್ಬು. ಡಿಕ್ಕಿಯ ಕಡೆಗೆ ಸರಿದು ಓರೆಯಾಗಿ ನೋಡಿದರೆ ಅದೇ ಬಾಗಿಲು ತುಸು ತಿಳಿ.

ಕಳಪೆ ಬಣ್ಣ ಹಾಕಿದ್ದಾರೆ ಎಂಬ ಅನುಮಾನ ಮೊದಲು ಬರುತ್ತದೆ. ಕಳಪೆಯಾಗಿದ್ದರೆ ಎಲ್ಲಿಂದ ನೋಡಿದರೂ ಒಂದೇ ರೀತಿ ಕೆಟ್ಟದಾಗಿ ಕಾಣಬೇಕಿತ್ತಲ್ಲವೆ? ಒಂದು ಕಡೆಯಿಂದ ಗಾಢವಾಗಿ, ಇನ್ನೊಂದು ಕಡೆಯಿಂದ ತಿಳಿಯಾಗಿ ಕಾಣುವುದು ಹೇಗೆ? ಉತ್ತರ ಹುಡುಕಿ ಹೊರಟರೆ ಬೆಳಕಿನ ಭೌತವಿಜ್ಞಾನ, ರಾಳಗಳ ರಸಾಯನ, ಕಣ್ಣಿನ ನರಜಾಲ ಮೂರನ್ನೂ ಹಾದು, ಕೊನೆಗೆ ಇನ್ಶೂರೆನ್ಸ್ ಸರ್ವೇಯರ್‌ನ ಲೆಕ್ಕದ ಹಾಳೆಗೆ ಬಂದು ನಿಲ್ಲುತ್ತೇವೆ.

ತಗಡಿನ ಮೇಲಿನ ನಾಲ್ಕು ಪದರ

ಕಾರ್ಖಾನೆಯಲ್ಲಿ ಕಾರಿನ ಬಾಡಿಯನ್ನು ಮೊದಲು ತೊಳೆದು, ಫಾಸ್ಫೇಟ್ ದ್ರಾವಣದಲ್ಲಿ ಹದಮಾಡುತ್ತಾರೆ. ಆಮೇಲೆ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕ ರಾಳದ ಕಣಗಳು ಸಂದುಗೊಂದಿನೊಳಗೂ ಹೋಗಿ ಅಂಟಿಕೊಳ್ಳುತ್ತವೆ. ತುಕ್ಕು ತಡೆಯುವ ಈ ಪದರದ ದಪ್ಪ ಸುಮಾರು 20 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದರ ಮೇಲೆ ಸುಮಾರು 30 ಮೈಕ್ರಾನ್ ಪ್ರೈಮರ್. ಪ್ರೈಮರ್ ಮೇಲೆ 12ರಿಂದ 20 ಮೈಕ್ರಾನ್ ಬೇಸ್ ಕೋಟ್. ನಾವು ‘ಕಾರಿನ ಬಣ್ಣ’ ಎನ್ನುವುದೆಲ್ಲ ಇದರಲ್ಲೇ ಇದೆ. ಎಲ್ಲಕ್ಕೂ ಮೇಲೆ 40ರಿಂದ 50 ಮೈಕ್ರಾನಿನ ಪಾರದರ್ಶಕ ಕ್ಲಿಯರ್ ಕೋಟ್. ಹೊಳಪು ಅದರದೇ ಕೊಡುಗೆ, ಬಿಸಿಲಿನ ನೇರಳಾತೀತ ಕಿರಣಗಳಿಗೆ ಎದೆಯೊಡ್ಡುವುದೂ ಅದೇ. ನಾಲ್ಕೂ ಪದರ ಸೇರಿದರೆ ಸುಮಾರು 100ರಿಂದ 120 ಮೈಕ್ರಾನ್, ತಲೆಗೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೆ.

ಕಾರ್ಖಾನೆಯ ಕ್ಲಿಯರ್ ಕೋಟ್ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಆ ಹೊತ್ತಿಗೆ ಬಾಡಿಗೆ ಟೈರು, ಸೀಟು, ವೈರಿಂಗ್ ಯಾವುದನ್ನೂ ಜೋಡಿಸಿರುವುದಿಲ್ಲ. ರಿಪೇರಿಗೆ ಬಂದ ಕಾರಿನಲ್ಲಿ ಇವೆಲ್ಲ ಇರುತ್ತವೆ, ಅದನ್ನು ಅಷ್ಟು ಬಿಸಿ ಮಾಡುವಂತಿಲ್ಲ. ಹಾಗಾಗಿ ವರ್ಕ್‌ಶಾಪಿನ ಪೇಂಟ್ ಬೂತ್ 60 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮಾಡಬೇಕು. ಅಷ್ಟು ಕಡಿಮೆ ಬಿಸಿಯಲ್ಲಿ ಗಟ್ಟಿಯಾಗಲು ಬೇರೆಯೇ ರಸಾಯನ ಬೇಕು. ಹೊಡೆಯುವ ಸ್ವಲ್ಪ ಮುಂಚೆ ಹಾರ್ಡ್‌ನರ್ ಬೆರೆಸುವ ಪಾಲಿಯುರೆಥೇನ್ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ಅಂದರೆ ರಿಪೇರಿಯಾದ ಬಾಗಿಲಿನ ಬಣ್ಣವೂ ಕಾರ್ಖಾನೆಯ ಬಣ್ಣವೂ ಹುಟ್ಟಿನಿಂದಲೇ ಬೇರೆ ಬೇರೆ ವಸ್ತುಗಳು. ಅವೆರಡೂ ಒಂದೇ ಥರ ಕಾಣಬೇಕೆಂದು ನಾವು ಕೇಳುತ್ತಿದ್ದೇವೆ.

ಮಲಗಿದ ಅಲ್ಯೂಮಿನಿಯಂ

ಬೆಳ್ಳಿ ಬಣ್ಣದ ಬೇಸ್ ಕೋಟಿನೊಳಗೆ ಅಲ್ಯೂಮಿನಿಯಂ ಚೂರುಗಳಿವೆ. ಒಂದೊಂದರ ಅಗಲ ಹತ್ತರಿಂದ ಮೂವತ್ತು ಮೈಕ್ರಾನ್, ದಪ್ಪ ಒಂದು ಮೈಕ್ರಾನಿಗೂ ಕಡಿಮೆ. ಒಂದೊಂದು ಚೂರೂ ಪುಟ್ಟ ಕನ್ನಡಿ. ಚೂರುಗಳೆಲ್ಲ ತಗಡಿಗೆ ಸಮಾನಾಂತರವಾಗಿ ಮಲಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಹಿಂತಿರುಗುತ್ತದೆ. ಎದುರಿನಿಂದ ನೋಡಿದರೆ ಝಗ್ಗೆನ್ನುತ್ತದೆ, ಓರೆಯಿಂದ ನೋಡಿದರೆ ಕಪ್ಪಿಡುತ್ತದೆ. ಅಡ್ಡಾದಿಡ್ಡಿ ನಿಂತಿದ್ದರೆ ಬೆಳಕು ಎಲ್ಲ ಕಡೆಗೂ ಚೆದುರಿ, ಎದುರಿನ ಹೊಳಪು ತಗ್ಗುತ್ತದೆ, ಓರೆನೋಟ ತಿಳಿಯಾಗುತ್ತದೆ. ನಮ್ಮ ಬಾಗಿಲಿಗೆ ಆಗಿರುವುದು ಇದೇ. ಓರೆಯಿಂದ ಕಾಣುವ ಬಣ್ಣಕ್ಕೆ ಪೇಂಟರುಗಳು ‘ಫ್ಲಾಪ್’ ಎನ್ನುತ್ತಾರೆ.

ಚೂರುಗಳು ಮಲಗುವುದು ಹೇಗೆ? ಬೇಸ್ ಕೋಟ್ ಹೊಡೆದಾಗ ಅದರಲ್ಲಿ ಬಹುಪಾಲು ಥಿನ್ನರೇ ಇರುತ್ತದೆ. ಥಿನ್ನರ್ ಆರಿದಂತೆ ಪದರ ಇಳಿದು ಇಳಿದು ಮೊದಲಿದ್ದ ದಪ್ಪದ ಸಣ್ಣ ಪಾಲಾಗುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಹೋದಂತೆ ನೀರಿನಲ್ಲಿ ಓರೆಯಾಗಿ ತೇಲುತ್ತಿದ್ದ ಎಲೆಗಳೆಲ್ಲ ಕೆಸರಿನ ಮೇಲೆ ಒರಗುತ್ತವಲ್ಲ, ಹಾಗೆ ಈ ಚೂರುಗಳೂ ಒರಗುತ್ತವೆ. ಪದರ ತೆಳ್ಳಗಿದ್ದು ಬೇಗ ಆರಿದರೆ ಚಪ್ಪಟೆಯಾಗಿ ಮಲಗುತ್ತವೆ. ದಪ್ಪವಾಗಿ, ಒದ್ದೆಯಾಗಿ ಹೊಡೆದರೆ ಒಳಗೇ ಹೊರಳಾಡಿ, ಸಿಕ್ಕ ಭಂಗಿಯಲ್ಲಿ ಗಟ್ಟಿಯಾಗುತ್ತವೆ.

ಕಾರ್ಖಾನೆಯಲ್ಲಿ ಈ ಕೆಲಸವನ್ನು ರೋಬಾಟ್ ಮಾಡುತ್ತದೆ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಗಂಟೆಯಾಕಾರದ ಬಟ್ಟಲೊಂದು ಬಣ್ಣವನ್ನು ನವಿರಾಗಿ ಸಿಡಿಸಿ, ವಿದ್ಯುತ್ ಆವೇಶ ಕೊಟ್ಟು ತಗಡಿಗೆ ಕಳಿಸುತ್ತದೆ. ಅದರ ದೂರ, ವೇಗ, ಬೂತಿನ ಬಿಸಿ, ತೇವ ಎಲ್ಲವೂ ನಿಗದಿ. ವರ್ಕ್‌ಶಾಪಿನಲ್ಲಿ ಇರುವುದು ಗಾಳಿ ಒತ್ತಡದ ಸ್ಪ್ರೇ ಗನ್ ಮತ್ತು ಒಬ್ಬ ಮನುಷ್ಯನ ಮಣಿಕಟ್ಟು. ಗನ್ನನ್ನು ಸ್ವಲ್ಪ ಹತ್ತಿರ ಹಿಡಿದರೂ, ಕೈ ಸ್ವಲ್ಪ ನಿಧಾನವಾದರೂ ಪದರ ಒದ್ದೆಯಾಗಿ ಎದುರಿನ ಬಣ್ಣ ಗಾಢವಾಗುತ್ತದೆ. ಹವೆಯೂ ಕೈಯಾಡಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನ ಡಿಸೆಂಬರ್ ಚಳಿಯಲ್ಲಿ ಥಿನ್ನರ್ ನಿಧಾನ ಆರುತ್ತದೆ. ಅಲ್ಲಿಗಿಂತ ನೂರಾರು ಮೀಟರ್ ಕೆಳಗಿರುವ ಕೃಷ್ಣಗಿರಿಯ ಮೇ ತಿಂಗಳ ಸೆಕೆಯಲ್ಲಿ ಗನ್ ಬಿಟ್ಟು ತಗಡು ಮುಟ್ಟುವಷ್ಟರಲ್ಲೇ ಅರ್ಧ ಆವಿಯಾಗುತ್ತದೆ. ಹವೆ ನೋಡಿ ಬೇಗ ಆರುವ ಥಿನ್ನರೋ ನಿಧಾನ ಆರುವ ಥಿನ್ನರೋ ಎಂದು ಆರಿಸುವ ಪೇಂಟರ್ ಮಾಡುತ್ತಿರುವುದು ಅಲ್ಯೂಮಿನಿಯಂ ಚೂರುಗಳ ಭಂಗಿಯನ್ನು ತಿದ್ದುವ ಕೆಲಸ.

ಪರ್ಲ್ ಬಣ್ಣಗಳಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ಅಲ್ಯೂಮಿನಿಯಂ ಬದಲು, ಟೈಟಾನಿಯಂ ಡೈಆಕ್ಸೈಡಿನ ತೆಳು ಲೇಪವಿರುವ ಅಭ್ರಕದ ಚೂರುಗಳಿರುತ್ತವೆ. ಲೇಪದ ಮೇಲ್ಮೈ, ಕೆಳಮೈ ಎರಡರಿಂದಲೂ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ಇಲ್ಲವೇ ಕಳೆದು ಬಣ್ಣ ಹುಟ್ಟುತ್ತದೆ. ಮುತ್ತಿನ ಚಿಪ್ಪಿನ ಒಳಮೈ ಹೊಳೆಯುವುದೂ ಅಲೆಗಳ ಇದೇ ಆಟದಿಂದ. ಹೊಸೂರಿನಿಂದ ನಲವತ್ತೇ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, 1930ರ ದಶಕದಲ್ಲಿ, ಸಿ. ವಿ. ರಾಮನ್ ಅಂಥ ಚಿಪ್ಪುಗಳ ವರ್ಣವೈಭವವನ್ನು ಕೂತು ಅಧ್ಯಯನ ಮಾಡಿದ್ದರು. ಪರ್ಲ್ ವೈಟ್ ಕಾರುಗಳಲ್ಲಿ ಬಿಳಿ ತಳ, ಪರ್ಲ್, ಕ್ಲಿಯರ್ ಎಂದು ಮೂರು ಹಂತಗಳಿರುತ್ತವೆ. ಪರ್ಲ್ ಪದರವನ್ನು ಒಂದು ಸಲ ಹೆಚ್ಚು ಹೊಡೆದರೂ ಬಣ್ಣ ಬೇರೆಯಾಗುತ್ತದೆ.

ಕೋಡ್ ಹೇಳುವುದು ಅರ್ಧ ಕಥೆ

ಪ್ರತಿ ಕಾರಿಗೂ ಬಣ್ಣದ ಕೋಡ್ ಇರುತ್ತದೆ. ಮಾರುತಿ ಸುಜುಕಿಯ ‘ಸಿಲ್ಕಿ ಸಿಲ್ವರ್’ಗೆ ಝಡ್2ಎಸ್ ಇದ್ದಂತೆ. ಕಂಪ್ಯೂಟರಿಗೆ ಕೋಡ್ ಕೊಟ್ಟರೆ ಯಾವ ಟಿಂಟರ್ (ಮೂಲಬಣ್ಣ) ಎಷ್ಟು ಗ್ರಾಂ ಎಂಬ ಪಟ್ಟಿ ಬರುತ್ತದೆ. ಆದರೆ ಅದೇ ಕೋಡಿನ ಬಣ್ಣ ಕಾರ್ಖಾನೆಯಿಂದ ಕಾರ್ಖಾನೆಗೆ, ಬ್ಯಾಚಿನಿಂದ ಬ್ಯಾಚಿಗೆ ಕೂದಲೆಳೆಯಷ್ಟು ಸರಿಯುತ್ತದೆ. ಅದಕ್ಕೇ ಪೇಂಟ್ ಕಂಪನಿಗಳು ಒಂದೊಂದು ಕೋಡಿಗೂ ತುಸು ಹಳದಿ, ತುಸು ನೀಲಿ, ತುಸು ಒರಟು ಚೂರು ಎಂದು ಹಲವು ಉಪಶೇಡ್‌ಗಳನ್ನು ಇಟ್ಟಿರುತ್ತವೆ. ಬಂಪರ್ ಪ್ಲಾಸ್ಟಿಕ್ಕಿನದು. ಅದನ್ನು ಸಾಮಾನ್ಯವಾಗಿ ಬೇರೆ ಕಡೆ, ಕಡಿಮೆ ಬಿಸಿಯಲ್ಲಿ ಬಣ್ಣ ಹಾಕಿ ತರುತ್ತಾರೆ. ಹೊಚ್ಚ ಹೊಸ ಕಾರಿನಲ್ಲೇ ಬಂಪರೂ ಫೆಂಡರೂ ಚೂರು ಬೇರೆ ಕಾಣುವುದಕ್ಕೆ ಇದೇ ಕಾರಣ.

ಇದರ ಮೇಲೆ ಕಾಲದ ಕೆಲಸ. ನಾಲ್ಕು ವರ್ಷದ ಬಿಸಿಲು ಬಣ್ಣವನ್ನು ಮೆಲ್ಲಗೆ ಬದಲಿಸಿರುತ್ತದೆ. ಕೃಷ್ಣಗಿರಿ ಮಾವಿನ ಸೀಮೆ. ಮರದ ನೆರಳಿನಲ್ಲಿ ನಿಲ್ಲಿಸಿದ ಕಾರಿನ ಮೇಲೆ ಮಾವಿನ ಸೊನೆ, ಹಕ್ಕಿ ಹಿಕ್ಕೆ ಬಿದ್ದು, ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟನ್ನು ಕೊರೆಯುತ್ತವೆ. ಹೀಗೆ ದಿನಗಳೆದಂತೆ ಆಗುವ ಸವಕಳಿಗೆ ಇನ್ಶೂರೆನ್ಸ್ ಹಣ ಕೊಡುವುದಿಲ್ಲ. ಹೊಸ ಬಣ್ಣ ಹೊಂದಬೇಕಾದದ್ದು ಮಾತ್ರ ಈ ಸವೆದ ಬಣ್ಣಕ್ಕೇ, ಕಂಪನಿಯ ಕ್ಯಾಟಲಾಗಿನ ಬಣ್ಣಕ್ಕಲ್ಲ.

ಒಳ್ಳೆಯ ವರ್ಕ್‌ಶಾಪುಗಳು ಸ್ಪೆಕ್ಟ್ರೋಫೋಟೊಮೀಟರ್ ಇಟ್ಟುಕೊಂಡಿವೆ. ಅದು ಪಾಲಿಶ್ ಮಾಡಿದ ಜಾಗಕ್ಕೆ ಬೆಳಕು ಬಿಟ್ಟು, 15, 45, 110 ಡಿಗ್ರಿಯಂಥ ಹಲವು ಕೋನಗಳಿಂದ ಮರಳಿದ ಬೆಳಕನ್ನು ಅಳೆಯುತ್ತದೆ. ಎರಡು ಬಣ್ಣಗಳ ಅಂತರವನ್ನು 1976ರಲ್ಲಿ ಅಂತಾರಾಷ್ಟ್ರೀಯ ಬೆಳಕಿನ ಆಯೋಗ ರೂಪಿಸಿದ ಅಳತೆಯಲ್ಲಿ ‘ಡೆಲ್ಟಾ ಇ’ ಎಂದು ಹೇಳುತ್ತಾರೆ. ಅದು 1ರ ಆಸುಪಾಸಿಗೆ ಬಂದರೆ ಬರಿಗಣ್ಣಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ.

ಯಂತ್ರ ಇರಲಿ, ಇಲ್ಲದಿರಲಿ, ಕಸುಬು ಬಲ್ಲವರು ಬಿಡದೆ ಮಾಡುವ ಕೆಲಸ ಒಂದಿದೆ. ಅಂಗೈಯಗಲದ ಒಂದು ಕಾರ್ಡಿಗೆ ಬೇಸ್ ಕೋಟ್ ಹೊಡೆದು, ಅದರ ಮೇಲೆ ಕ್ಲಿಯರ್ ಹೊಡೆದು, ಆರಿಸಿ, ಕಾರಿನ ಪಕ್ಕ ಹಿಡಿಯುವುದು. ಕ್ಲಿಯರ್ ಬೀಳುವ ತನಕ ಬಣ್ಣದ ಆಳ ತಿಳಿಯುವುದೇ ಇಲ್ಲ. ಪೇಂಟರ್ ಕಾರ್ಡನ್ನು ಫೆಂಡರಿಗೆ ಆನಿಸಿ ಎದುರಿಂದ ನೋಡುತ್ತಾನೆ, ಮಂಡಿಯೂರಿ ಓರೆಯಿಂದ ನೋಡುತ್ತಾನೆ, ನೆರಳಿಗೆ ಸರಿದು ಮತ್ತೆ ನೋಡುತ್ತಾನೆ. ಅರ್ಧ ಗ್ರಾಂ ಕಪ್ಪು ಸೇರಿಸಿ ಇನ್ನೊಂದು ಕಾರ್ಡ್ ಹೊಡೆಯುತ್ತಾನೆ. ಒಂದೊಂದು ಕಾರ್ಡಿಗೂ ಸಮಯ ಹಿಡಿಯುತ್ತದೆ, ಆ ಸಮಯಕ್ಕೆ ಬಿಲ್ಲಿನಲ್ಲಿ ಸಾಲೇ ಇರುವುದಿಲ್ಲ.

ನೆರಳಿಗೂ ಬಿಸಿಲಿಗೂ ಓಡಾಡುವುದಕ್ಕೆ ಕಾರಣವಿದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋನ್ ಕೋಶಗಳು ಮೂರೇ ಬಗೆ. ಬೆಳಕಿನಲ್ಲಿ ಎಷ್ಟೇ ತರಂಗಗಳು ಬೆರೆತಿದ್ದರೂ ಮಿದುಳಿಗೆ ತಲಪುವುದು ಮೂರು ಸಂಕೇತ. ಹೀಗಾಗಿ ಬೇರೆ ಬೇರೆ ವರ್ಣದ್ರವ್ಯಗಳಿಂದ ಕಲಸಿದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ತದ್ರೂಪವಾಗಿದ್ದು, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿಬಿಡಬಹುದು. ಟ್ಯೂಬ್‌ಲೈಟಿನ ಕೆಳಗೆ ಒಪ್ಪಿದ ಬಾಗಿಲು ಬಿಸಿಲಲ್ಲಿ ಒಪ್ಪದಿರುವುದು ಹೀಗೆ.

ಕಣ್ಣು ಗೆರೆ ಹುಡುಕುತ್ತದೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ಚೂರು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಆಗ ನೆರವಿಗೆ ಬರುವುದು ಕಣ್ಣಿನದೇ ಒಂದು ಗುಣ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1860ರ ದಶಕದಲ್ಲೇ ಗುರುತಿಸಿದಂತೆ, ಬೆಳಕು ಥಟ್ಟನೆ ಬದಲಾಗುವ ಕಡೆ ಕಣ್ಣು ಅಂಚನ್ನು ಇದ್ದದ್ದಕ್ಕಿಂತ ಎತ್ತಿ ತೋರಿಸುತ್ತದೆ. ಅಕ್ಷಿಪಟದ ಒಂದು ಕೋಶ ಉದ್ದೀಪನಗೊಂಡರೆ ನೆರೆಯ ಕೋಶಗಳನ್ನು ಅದುಮುವುದೇ ಇದಕ್ಕೆ ಕಾರಣ. ಈ ಅದುಮುವಿಕೆಯನ್ನು ಹಾರ್ಸ್‌ಶೂ ಏಡಿಯ ಕಣ್ಣಿನಲ್ಲಿ ವಿವರವಾಗಿ ತೋರಿಸಿಕೊಟ್ಟ ಹಾಲ್ಡನ್ ಕೆಫರ್ ಹಾರ್ಟ್‌ಲೈನ್ 1967ರ ನೊಬೆಲ್ ಬಹುಮಾನ ಹಂಚಿಕೊಂಡರು. ಥಟ್ಟನೆ ಬದಲಾಗುವುದನ್ನು ಹಿಡಿಯುವ ಇದೇ ಕಣ್ಣು ಮೆಲ್ಲಮೆಲ್ಲನೆ ಬದಲಾಗುವುದನ್ನು ಗಮನಿಸದೆ ಬಿಡುತ್ತದೆ.

ಪೇಂಟರುಗಳ ‘ಬ್ಲೆಂಡಿಂಗ್’ ನಿಂತಿರುವುದು ಇದರ ಮೇಲೆಯೇ. ಪೆಟ್ಟಾದ ಬಾಗಿಲಿಗೆ ಪೂರ್ತಿ ಬೇಸ್ ಕೋಟ್ ಹೊಡೆದು, ಅದನ್ನು ಮುಂದಿನ ಫೆಂಡರಿನೊಳಕ್ಕೂ ಹಿಂದಿನ ಬಾಗಿಲಿನೊಳಕ್ಕೂ ತೆಳುವಾಗಿಸುತ್ತಾ ಎಳೆಯುತ್ತಾರೆ. ಬಳಿಕ ಆ ಪ್ಯಾನೆಲ್‌ಗಳಿಗೆ ಅಂಚಿನವರೆಗೂ ಕ್ಲಿಯರ್ ಹೊಡೆಯುತ್ತಾರೆ. ಬಣ್ಣದ ಅಂತರ ಇದ್ದಲ್ಲೇ ಇರುತ್ತದೆ, ಆದರೆ ಒಂದು ಗೆರೆಯ ಮೇಲೆ ನಿಲ್ಲದೆ ಎರಡು ಮೂರು ಅಡಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ಇದನ್ನು ಕಣ್ಣಿಗೆ ಮಣ್ಣೆರಚುವ ಕೆಲಸ ಎಂದುಕೊಳ್ಳಬೇಡಿ. ಕೈಗನ್ನಿನಲ್ಲಿ ಮೆಟಾಲಿಕ್ ಬಣ್ಣ ಹೊಂದಿಸಲು ಇದಕ್ಕಿಂತ ನಂಬಿಕಸ್ಥ ದಾರಿ ಇಲ್ಲ.

ಸರ್ವೇಯರ್ ಪ್ಯಾನೆಲ್ ಎಣಿಸುತ್ತಾರೆ

ಇಲ್ಲಿಗೆ ಬಂದಾಗ ವಿಜ್ಞಾನವೂ ಲೆಕ್ಕವೂ ಮುಖಾಮುಖಿಯಾಗುತ್ತವೆ. ಪೇಂಟರ್ ಹೇಳುತ್ತಾನೆ: “ಅಣ್ಣಾ, ಡೋರೊಂದೇ ಹೊಡೆದ್ರೆ ಗೆರೆ ಕಾಣುತ್ತೆ. ಫೆಂಡರಿಗೂ ಹಿಂದಿನ ಡೋರಿಗೂ ಸ್ವಲ್ಪ ಎಳೀಬೇಕು.” ಸರ್ವೇಯರ್ ಕೇಳುತ್ತಾರೆ: “ಅದಕ್ಕೆ ಪೆಟ್ಟೇ ಬಿದ್ದಿಲ್ವಲ್ಲ?” ಪಾಲಿಸಿಯ ಕಣ್ಣಿನಲ್ಲಿ ಅವರ ಪ್ರಶ್ನೆ ಸಹಜವೇ. ಅಪಘಾತದಿಂದ ಆದ ನಷ್ಟವನ್ನಷ್ಟೇ ಅವರು ಅಂದಾಜು ಮಾಡಬೇಕು.

ಲೆಕ್ಕದ ಬೇರು 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿದೆ. 2007ರ ಜನವರಿ 1ರಿಂದ ಸ್ವಂತ ವಾಹನದ ಹಾನಿಯ ಪ್ರೀಮಿಯಂ ದರವನ್ನು ಕಂಪನಿಗಳಿಗೇ ಬಿಟ್ಟುಕೊಟ್ಟರೂ ಸಾಮಾನ್ಯ ಪಾಲಿಸಿಯ ಷರತ್ತುಗಳು ಇಂದಿಗೂ ಹೆಚ್ಚುಕಡಿಮೆ ಅದರವೇ. ಬದಲಾಯಿಸಿದ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡುತ್ತಾರೆ. ನಾಲ್ಕು ದಾಟಿ ಐದು ವರ್ಷದೊಳಗಿದ್ದರೆ 35%. ಗಾಜಿಗೆ ಸವಕಳಿ ಇಲ್ಲ. ಪೇಂಟಿಂಗಿಗೆ ಬೇರೆಯೇ ನಿಯಮ: ಸಾಮಗ್ರಿಯ ಖರ್ಚಿನ ಮೇಲೆ ಮಾತ್ರ 50% ಕಡಿತ. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬಿಡಿಸಿ ಬರೆದಿಲ್ಲದಿದ್ದರೆ ಒಟ್ಟು ಮೊತ್ತದ 25% ಸಾಮಗ್ರಿ ಎಂದು ಹಿಡಿಯಬೇಕು. ₹8,000ದ ಒಟ್ಟು ಬಿಲ್ ಎಂದರೆ ಸಾಮಗ್ರಿ ₹2,000, ಕಡಿತ ₹1,000. ಅದರ ಮೇಲೆ 1500 ಸಿಸಿವರೆಗಿನ ಖಾಸಗಿ ಕಾರಿಗೆ ಕಡ್ಡಾಯವಾಗಿ ಇನ್ನೂ ₹1,000 ನಾವೇ ಭರಿಸಬೇಕು, ದೊಡ್ಡ ಕಾರಿಗಾದರೆ ₹2,000. ತೆರಿಗೆ ಬಿಟ್ಟು ನೋಡಿದರೆ ಸಣ್ಣ ಕಾರಿಗೆ ಇನ್ಶೂರೆನ್ಸಿನಿಂದ ಸಿಗುವುದು ₹6,000. ‘ಬಂಪರ್ ಟು ಬಂಪರ್’ ಎನ್ನುವ ಸವಕಳಿರಹಿತ ಪಾಲಿಸಿಯಲ್ಲಿ ಮೊದಲ ಕಡಿತ ಇರುವುದಿಲ್ಲ.

ಕ್ಲೇಮ್ ಹಾಕುವ ಮುನ್ನ ಇನ್ನೊಂದು ಲೆಕ್ಕ ಮಾಡಲೇಬೇಕು. ಕ್ಲೇಮ್ ಇಲ್ಲದ ವರ್ಷಗಳಿಗೆ ಸ್ವಂತ ವಾಹನದ ಹಾನಿಯ ಪ್ರೀಮಿಯಂನಲ್ಲಿ 20, 25, 35, 45, 50% ಎಂದು ಏರುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್. ರಿಯಾಯಿತಿಗೆ ಮುಂಚಿನ ಪ್ರೀಮಿಯಂ ₹12,000 ಎಂದೂ, ನೀವು 50% ತಲಪಿದ್ದೀರೆಂದೂ ಇಟ್ಟುಕೊಳ್ಳಿ. ಒಂದು ಕ್ಲೇಮ್ ಹಾಕಿದರೆ ಮುಂದಿನ ವರ್ಷ ₹6,000 ಕೈಬಿಡುತ್ತದೆ. ಮೆಟ್ಟಿಲನ್ನು ಮತ್ತೆ ಮೊದಲಿನಿಂದ ಹತ್ತುವಾಗ ಅದರ ಮುಂದಿನ ನಾಲ್ಕು ವರ್ಷ ₹3,600, ₹3,000, ₹1,800, ₹600. ಒಟ್ಟು ₹15,000. ಆರು ಸಾವಿರ ಪಡೆಯಲು ಹದಿನೈದು ಸಾವಿರ ಬಿಡುವುದು ಯಾವ ನ್ಯಾಯ? ಒಂದು ಬಾಗಿಲಿನ ಗೀರಿಗೆ ಸ್ವಂತ ದುಡ್ಡು ಹಾಕಿ, ಬ್ಲೆಂಡಿಂಗನ್ನೂ ಕೇಳಿ ಮಾಡಿಸಿಕೊಳ್ಳುವುದೇ ಎಷ್ಟೋ ಸಲ ಜಾಣತನ. ಪೆಟ್ಟು ದೊಡ್ಡದಿದ್ದರೆ, ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಲೆಕ್ಕ ಬೇರೆ.

ಕ್ಲೇಮ್ ಹಾಕುವುದೇ ಆದರೆ ಕೂಡಲೇ ಕಂಪನಿಗೆ ತಿಳಿಸಿ. ಸರ್ವೆ ಆಗುವ ತನಕ ಗೀರನ್ನು ಪಾಲಿಶ್ ಕೂಡ ಮಾಡಿಸಬೇಡಿ. ಬೇರೆ ಬೇರೆ ದಿನ ಆದ ಪೆಟ್ಟುಗಳು ಬೇರೆ ಬೇರೆ ಕ್ಲೇಮ್, ಒಂದೊಂದಕ್ಕೂ ಕಡ್ಡಾಯ ಕಡಿತ ಬೇರೆ. ಮುಖ್ಯವಾದ ಮಾತು: ಅಂದಾಜು ಪಟ್ಟಿ ಬರೆಯುವಾಗಲೇ ಪಕ್ಕದ ಪ್ಯಾನೆಲ್‌ಗಳ ಬ್ಲೆಂಡಿಂಗ್ ಅದರಲ್ಲಿ ಬರಬೇಕು, ಮೆಟಾಲಿಕ್ ಅಥವಾ ಪರ್ಲ್ ಎಂಬ ಕಾರಣ ಸಹಿತ. ಪಕ್ಕದ ಪ್ಯಾನೆಲಿಗೆ ಪೆಟ್ಟು ಬಿದ್ದಿಲ್ಲ, ನಿಜ. ಆದರೆ ಪೆಟ್ಟು ಬಿದ್ದ ಬಾಗಿಲನ್ನು ಮೊದಲಿನಂತೆ ಮಾಡಲು ಅಲ್ಲಿಯವರೆಗೆ ಬಣ್ಣ ಎಳೆಯಲೇಬೇಕು. ಅದು ಆ ಬಾಗಿಲಿನದೇ ರಿಪೇರಿ. ಕೆಲಸ ಮುಗಿದ ಮೇಲೆ ಈ ವಾದ ಎತ್ತಿದರೆ ಕೇಳುವವರು ಕಡಿಮೆ.

ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ. ದೂರುದಾರ ವಾಸಿಸುವ ಜಾಗದ ಕಚೇರಿಗೂ ಹೋಗಬಹುದು, ಕಂಪನಿಯ ಶಾಖೆ ಇರುವ ಜಾಗದ ಕಚೇರಿಗೂ ಹೋಗಬಹುದು. ತೊರಪಲ್ಲಿಯವರಿಗೆ ಚೆನ್ನೈ ಕಚೇರಿ. ಪಾಲಿಸಿ ಬೆಂಗಳೂರಿನ ಶಾಖೆಯದಾದರೆ ಹತ್ತಿರದ ಬೆಂಗಳೂರು ಕಚೇರಿಯ ಬಾಗಿಲೂ ತೆರೆದಿರುತ್ತದೆ.

ಸಹಿ ಹಾಕುವ ಮುನ್ನ

ಕ್ಯಾಶ್‌ಲೆಸ್ ರಿಪೇರಿಯಲ್ಲಿ ಕಾರು ಕೊಡುವಾಗ ‘ಕೆಲಸ ತೃಪ್ತಿಕರ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಂಜೆ ಹೋಗಿ ಟ್ಯೂಬ್‌ಲೈಟ್ ಕೆಳಗೆ ಸಹಿ ಹಾಕಬೇಡಿ. ಹಗಲಲ್ಲಿ ಹೋಗಿ, ಕಾರನ್ನು ತೊಳೆಸಿ ಹೊರಗೆ ನಿಲ್ಲಿಸಿ. ಎದುರಿಂದ, ಬಾನೆಟ್ ಕಡೆಯಿಂದ, ಡಿಕ್ಕಿ ಕಡೆಯಿಂದ ನೋಡಿ. ಬಿಸಿಲಿನಲ್ಲೊಮ್ಮೆ, ನೆರಳಿನಲ್ಲೊಮ್ಮೆ ನೋಡಿ. ದಪ್ಪ ಅಳೆಯುವ ಪುಟ್ಟ ಮೀಟರ್ ಅವರ ಬಳಿ ಇದ್ದರೆ ಬಾಗಿಲಿಗೆ ಹಿಡಿಸಿ. ಮರುಬಣ್ಣದ ಜಾಗ ಇನ್ನೂರು ಮುನ್ನೂರು ಮೈಕ್ರಾನ್ ತೋರಿಸುವುದು ಸಹಜ. ಸಾವಿರ ದಾಟಿದರೆ ಡೆಂಟನ್ನು ಸರಿಯಾಗಿ ಎತ್ತದೆ ಲಪ್ಪ (ಪುಟ್ಟಿ) ತುಂಬಿದ್ದಾರೆ ಎಂದು ತಿಳಿಯಬೇಕು.

ಬೂತಿನೊಳಗಿನ ಮನುಷ್ಯನ ಕಡೆಗೂ ಒಮ್ಮೆ ನೋಡಿ. ಪಾಲಿಯುರೆಥೇನ್ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರದಿಂದ ಇದು ನಿಲ್ಲುವುದಿಲ್ಲ. ಶುದ್ಧ ಗಾಳಿ ಒದಗಿಸುವ ಮಾಸ್ಕ್, ಗಾಳಿ ಸೆಳೆದು ಹೊರಹಾಕುವ ಬೂತ್ ಬೇಕು. ರಸ್ತೆ ಬದಿಯ ಶೆಡ್ಡಿನಲ್ಲಿ ಅಗ್ಗಕ್ಕೆ ಸಿಗುವ ಕೆಲಸದಲ್ಲಿ ಉಳಿತಾಯವಾಗುವುದು ಹೆಚ್ಚಾಗಿ ಇದೇ ಖರ್ಚು, ಅದನ್ನು ತೆರುವುದು ಪೇಂಟರನ ಎದೆಗೂಡು.

ಇನ್ಶೂರೆನ್ಸ್ ಕಂಪನಿಗಳಿಗೆ ಪ್ಯಾನೆಲ್ ಎಣಿಸುವುದು ಸುಲಭ, ಅದಕ್ಕೇ ಎಣಿಸುತ್ತವೆ. ಇಂದಿನ ಮೆಟಾಲಿಕ್, ಪರ್ಲ್ ಬಣ್ಣಗಳಿಗೆ ಆ ಎಣಿಕೆ ಹೊಂದುವುದಿಲ್ಲ. ಬ್ಲೆಂಡಿಂಗ್, ಟೆಸ್ಟ್ ಕಾರ್ಡ್, ಪೇಂಟರನ ಮಾಸ್ಕ್ ಈ ಮೂರೂ ಅಂದಾಜು ಪಟ್ಟಿಯಲ್ಲಿ ತಮ್ಮದೇ ಸಾಲು ಪಡೆಯಬೇಕು. ಪಾಲಿಸಿದಾರರಾದ ನಾವು ಪ್ರತಿ ಕ್ಲೇಮಿನಲ್ಲೂ ಅದನ್ನು ಬರವಣಿಗೆಯಲ್ಲಿ ಕೇಳತೊಡಗಿದರೆ ಆ ಸಾಲುಗಳು ಬಂದೇ ಬರುತ್ತವೆ.